ಪಥ್ಯ ಮಾಡುವುದು, ಪಥ್ಯವಾಗುವುದು

ಕಚೇರಿಯಲ್ಲಿ ಯಾರದೋ ಹುಟ್ಟುಹಬ್ಬ. ಕೇಕಿನ ತುಂಡು ನಿಮ್ಮ ಮುಂದೆ ಬರುತ್ತದೆ. ‘ಬೇಡಪ್ಪಾ, ಡಯಟ್‌ನಲ್ಲಿದೀನಿ’ ಎಂದು ನೋಡಿ. ‘ಓಹೋ, ಸೂಪರ್ ಸಾರ್! ಎಷ್ಟು ಕೆ.ಜಿ. ಇಳಿಸಿದ್ರಿ?’ ಎನ್ನುತ್ತಾ ನಾಲ್ಕು ಜನ ಸುತ್ತ ಸೇರುತ್ತಾರೆ. ಇನ್ನೊಂದು ದಿನ, ಇನ್ನೊಂದು ಕೇಕಿನ ಮುಂದೆ ‘ಬೇಡಪ್ಪಾ, ಪಥ್ಯದಲ್ಲಿದೀನಿ’ ಎಂದು ನೋಡಿ. ಅದೇ ನಾಲ್ಕು ಜನ ದನಿ ತಗ್ಗಿಸುತ್ತಾರೆ: ‘ಅಯ್ಯೋ, ಏನಾಯ್ತು? ಡಾಕ್ಟ್ರು ಏನಂದ್ರು?’ ಬಿಟ್ಟ ಕೇಕು ಎರಡು ಸಲವೂ ಒಂದೇ. ಆದರೂ ಡಯಟ್ ಮಾಡುವವನು ಜಿಮ್ಮಿನ ಕನ್ನಡಿಯ ಮುಂದೆ ನಿಂತವನಂತೆ ಕಾಣುತ್ತಾನೆ. ಪಥ್ಯ ಮಾಡುವವನು ಕಂಬಳಿ ಹೊದ್ದು ಮೂಲೆ ಹಿಡಿದವನಂತೆ.

ಎರಡು ವರ್ಷದ ಹಿಂದೆ ನಾನು ಈ ಎರಡೂ ಪದಗಳ ಕೈಗೆ ಒಟ್ಟಿಗೇ ಸಿಕ್ಕಿಬಿದ್ದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಎಚ್‌ಬಿಎ1ಸಿ 6.1 ಎಂದು ಬಂದಿತ್ತು. 5.7ರಿಂದ 6.4ರವರೆಗಿನದು ಸಕ್ಕರೆ ಕಾಯಿಲೆಯ ಹೊಸ್ತಿಲು. ನಾನು ಹೊಸ್ತಿಲ ಮೇಲೆ ಕಾಲಿಟ್ಟು ನಿಂತಿದ್ದೆ. ‘ಸ್ವಲ್ಪ ಡಯಟ್ ನೋಡ್ಕೊಳ್ಳಿ, ದಿನಾ ನಡೀರಿ’ ಎಂದರು ಡಾಕ್ಟರು. ಮನೆಗೆ ಬಂದು ಹೇಳಿದಾಗ ಅಮ್ಮ ಅದನ್ನು ಒಂದೇ ಮಾತಿನಲ್ಲಿ ಕನ್ನಡಕ್ಕೆ ತಂದರು: ‘ಅಂದ್ರೆ ಪಥ್ಯ.’ ಆ ಕ್ಷಣದಲ್ಲೇ ನನಗೆ ಕಾಯಿಲೆ ಬಂದಂತಾಯಿತು.

ಪಾಪ, ಆ ಪದದ ತಪ್ಪೇನೂ ಇಲ್ಲ. ಅದರ ಹುಟ್ಟು ರೋಗಿಯ ಹಾಸಿಗೆಯ ಪಕ್ಕದಲ್ಲಿ ಆದದ್ದಲ್ಲ, ದಾರಿಯಲ್ಲಿ. ಪಥ ಎಂದರೆ ದಾರಿ, ದಾರಿಗೆ ಹೊಂದಿದ್ದು ಪಥ್ಯ. ಅಳಲೆಕಾಯಿಗೆ ಸಂಸ್ಕೃತದಲ್ಲಿ ಪಥ್ಯಾ ಎಂಬ ಹೆಸರೂ ಉಂಟು. ರಾತ್ರಿ ಅಳಲೆಪುಡಿ ನೆಕ್ಕಿ ಮಲಗಿ ಬಲ್ಲವರಿಗೆ ಅದು ಯಾವ ದಾರಿಯನ್ನು ಸುಗಮ ಮಾಡುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ತಮಾಷೆಯೆಂದರೆ, ಪಥ್ಯವನ್ನು ಮೂಲೆಗೆ ತಳ್ಳಿದ ಡಯಟ್‌ನ ಬೇರೂ ಅಲ್ಲೇ ಸುತ್ತಮುತ್ತ ಇದೆ. ಅದು ಗ್ರೀಕಿನ ‘ದಿಯೈತಾ’ದಿಂದ ಬಂದದ್ದು, ಬದುಕುವ ರೀತಿ ಎಂದು ಅದರ ಅರ್ಥ. ಒಂದು ದಾರಿ, ಇನ್ನೊಂದು ರೀತಿ. ಮೂರು ವಾರ ಬಾಯಿ ಕಟ್ಟುವುದು ಎಂಬ ಅರ್ಥ ಎರಡರ ಜಾತಕದಲ್ಲೂ ಇರಲಿಲ್ಲ.

ಆದರೂ ನಾನು ಬಾಯಿ ಕಟ್ಟಿದೆ. ಜನವರಿ ಒಂದರಿಂದ ಬೆಳಗ್ಗೆ ಓಟ್ಸ್, ರಾತ್ರಿ ಸೌತೆಕಾಯಿ, ಕಾಫಿಗೆ ಸಕ್ಕರೆ ಸೊನ್ನೆ. ಐದೂವರೆಗೆ ಅಲಾರಂ, ಸ್ಕೂಟರಿನಲ್ಲಿ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಹೋಗಿ ಏರಿಯ ಮೇಲೆ ನಡಿಗೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಆ ಕೆರೆಯ ದಂಡೆಯಲ್ಲಿ ಜನವರಿಯ ಮೊದಲ ವಾರ ಜಾತ್ರೆಯೇ ನೆರೆದಿರುತ್ತದೆ. ಬಣ್ಣ ಮಾಸದ ಶೂಗಳು, ಮಡಿಕೆ ಗೆರೆ ಹೋಗದ ಟ್ರ್ಯಾಕ್ ಪ್ಯಾಂಟುಗಳು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎಂಬ ಗಾದೆಗೆ ಕಾಲು ಬಂದರೆ ಹೀಗೇ ನಡೆಯುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲ ಕಳೆಯುವ ಹೊತ್ತಿಗೆ ದಂಡೆ ಅರ್ಧ ಖಾಲಿ. ತಿಂಗಳ ಕೊನೆಗೆ ಉಳಿಯುವವರು ಡಿಸೆಂಬರಿನಲ್ಲೂ ಇದ್ದವರೇ. ಹಾಗೆ ಉಳಿಯದವರಲ್ಲಿ ನಾನೂ ಒಬ್ಬ. ಹತ್ತೊಂಬತ್ತನೆಯ ದಿನ ಸೋದರಳಿಯನ ಮದುವೆಯಲ್ಲಿ ಒಂದು ಒಬ್ಬಟ್ಟು ತಿಂದೆ. ‘ಹೇಗೂ ಪಥ್ಯ ಮುರೀತಲ್ಲ’ ಎಂದು ಇನ್ನೆರಡು ಹಾಕಿಸಿಕೊಂಡೆ. ಮರುದಿನ ಅಲಾರಂ ಹೊಡೆಯಿತು, ಅದರ ತಲೆಯ ಮೇಲೆ ನಾನೂ ಹೊಡೆದೆ. ಓಟ್ಸ್ ಡಬ್ಬಿ ಮಾತ್ರ ಯುಗಾದಿಯವರೆಗೂ ಕಪಾಟಿನಲ್ಲಿ ನನ್ನನ್ನೇ ನೋಡುತ್ತಿತ್ತು.

ಪಥ್ಯ ಕೈಗೂಡಿದ್ದನ್ನು ನಾನು ಒಮ್ಮೆ ಕಂಡಿದ್ದೇನೆ. ಆಗ ನನಗೆ ಒಂಬತ್ತು ವರ್ಷ, ಬೇಸಿಗೆ ರಜೆಗೆ ತೀರ್ಥಹಳ್ಳಿ ಕಡೆಯ ಅಜ್ಜಿಮನೆಗೆ ಹೋದವನಿಗೆ ಕಾಮಾಲೆ ಹತ್ತಿಕೊಂಡಿತು. ಊರಿನ ಪಂಡಿತರೊಬ್ಬರು ಯಾವುದೋ ಬೇರು ಅರೆದು ಮಜ್ಜಿಗೆಯಲ್ಲಿ ಕುಡಿಸಿ, ‘ಹನ್ನೊಂದು ದಿನ ಉಪ್ಪು, ಹುಳಿ, ಖಾರ, ಎಣ್ಣೆ ಸೋಕಬಾರದು’ ಎಂದರು. ಮಗುವಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯುಂಟೆ? ಮೊದಲ ಮಧ್ಯಾಹ್ನ ಗಂಜಿಯ ಬಟ್ಟಲು ಎದುರಿಟ್ಟುಕೊಂಡು ಅತ್ತೆ. ಅಜ್ಜಿ ಸಮಾಧಾನ ಮಾಡಲಿಲ್ಲ, ಗದರಲೂ ಇಲ್ಲ. ಒಳಗಿಂದ ಇನ್ನೊಂದು ಬಟ್ಟಲು ತಂದು ಅದೇ ಉಪ್ಪಿಲ್ಲದ ಗಂಜಿಯನ್ನು ತಮಗೂ ಬಡಿಸಿಕೊಂಡು ನನ್ನ ಪಕ್ಕ ಕೂತರು. ಬೆಲ್ಲಕ್ಕೆ ಅಡ್ಡಿಯಿಲ್ಲ ಎಂದು ಪಂಡಿತರ ಬಾಯಿಂದ ಹೊರಡಿಸಿಕೊಂಡಿದ್ದರು. ಎರಡೂ ಬಟ್ಟಲಿಗೆ ಒಂದೊಂದು ಸೌಟು ಜೋನಿಬೆಲ್ಲ ಬಿಟ್ಟರು. ‘ಹ್ಞೂಂ, ಯಾರು ಮೊದಲು ಮುಗಿಸ್ತಾರೆ ನೋಡಣ’ ಎಂದರು. ಹನ್ನೊಂದು ದಿನವೂ ಅವರು ಒಳಗೆ ಬೇರೆ ಊಟ ಮಾಡಿದ್ದನ್ನು ನಾನು ಕಾಣಲಿಲ್ಲ. ಕಾಮಾಲೆ ಇಳಿದದ್ದು ಬೇರಿನಿಂದಲೋ, ತಾನಾಗಿಯೋ. ಬಹಳಷ್ಟು ಮಕ್ಕಳ ಕಾಮಾಲೆ ತಾನಾಗಿಯೇ ಇಳಿಯುತ್ತದೆ ಎಂದು ಈಗಿನ ವೈದ್ಯರು ಹೇಳುತ್ತಾರೆ. ಆದರೆ ಗಂಜಿ ಗಂಟಲಲ್ಲಿ ಇಳಿದದ್ದು ಅಜ್ಜಿಯಿಂದ, ಅದರಲ್ಲಿ ಅನುಮಾನವಿಲ್ಲ.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಮಾತನ್ನು ನಾವು ಕಾಕತಾಳೀಯಕ್ಕೆ ಬಳಸುತ್ತೇವೆ. ಅಜ್ಜಿಗೆ ಅದು ಅಡುಗೆಯ ಸೂತ್ರವಾಗಿತ್ತು. ಬಾಣಂತಿಯ ಪಥ್ಯವನ್ನೇ ನೋಡಿ: ತುಪ್ಪ ತೇಲುವ ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪಿನ ಪಲ್ಯ, ಉತ್ತರ ಕರ್ನಾಟಕಕ್ಕೆ ಹೋದರೆ ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿದ ಅಂಟಿನುಂಡಿ. ಆ ಡಬ್ಬಿಯ ಮುಚ್ಚಳ ತೆಗೆದ ಸದ್ದಿಗೆ ಬಾಣಂತಿಗಿಂತ ಮೊದಲು ಮೈದುನಂದಿರೇ ಪಥ್ಯಕ್ಕೆ ಸಿದ್ಧರಾಗುತ್ತಾರೆ.

ಚರಕ ಸಂಹಿತೆ ಪಥ್ಯಕ್ಕೆ ಎರಡು ಗುರುತು ಹೇಳುತ್ತದೆ. ಅದು ದೇಹದ ದಾರಿಗೆ ಹೊರತಾಗಿರಬಾರದು. ಜೊತೆಗೆ ಮನಸ್ಸಿಗೆ ಪ್ರಿಯವಾಗಿರಬೇಕು. ಮೊದಲನೆಯದನ್ನು ನಾವೆಲ್ಲ ಚೀಟಿಯಲ್ಲಿ ಬರೆಸಿಕೊಂಡು ಬರುತ್ತೇವೆ, ಎರಡನೆಯದನ್ನು ಔಷಧಿ ಅಂಗಡಿಯ ಮೆಟ್ಟಿಲಲ್ಲೇ ಬಿಟ್ಟುಬರುತ್ತೇವೆ. ಹಾಗೆ ಬಿಟ್ಟದ್ದನ್ನು ಎತ್ತಿ ಜೋಪಾನ ಮಾಡಿದ್ದು ನಮ್ಮ ಆಡುಮಾತು. ‘ಹೈಕಮಾಂಡ್ ತೀರ್ಮಾನ ರಾಜ್ಯದ ನಾಯಕರಿಗೆ ಪಥ್ಯವಾಗಿಲ್ಲ’ ಎಂದು ಪತ್ರಿಕೆ ಬರೆಯುತ್ತದೆ. ‘ನಾನು ಹೇಳಿದ್ದು ಅವನಿಗೆ ಪಥ್ಯವಾಗಲಿಲ್ಲ’ ಎಂದು ಅತ್ತೆ ಗೊಣಗುತ್ತಾರೆ. ಕೆಲವರಿಗೆ ಸತ್ಯವೇ ಅಪಥ್ಯ. ಇಲ್ಲೆಲ್ಲ ಪಥ್ಯ ಎಂದರೆ ಒಗ್ಗುವುದು, ಹಿಡಿಸುವುದು, ಒಳಗೆ ಇಳಿದು ನಿಲ್ಲುವುದು. ಹೀಗೆ ಒಂದೇ ಪದ ಬಾಯಿ ಕಟ್ಟುವುದಕ್ಕೂ ಬಂತು, ಬಾಯಿಗೆ ಒಗ್ಗುವುದಕ್ಕೂ ಬಂತು. ಒಂದು ವಿಚಿತ್ರ ಗಮನಿಸಿ: ಈ ಎರಡನೆಯ ಅರ್ಥದಲ್ಲಿ ಅದು ಹೆಚ್ಚಾಗಿ ‘ಇಲ್ಲ’ದ ಜೊತೆಗೇ ತಿರುಗುತ್ತದೆ. ‘ಪಥ್ಯವಾಗಲಿಲ್ಲ’ ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತೇವೆ. ‘ಪಥ್ಯವಾಯಿತು’ ಎಂದು ಯಾರಾದರೂ ಅಂದದ್ದು ಅಪರೂಪ.

ವ್ಯಾಕರಣದ ಮೇಷ್ಟರು ಇದರಲ್ಲಿ ಇನ್ನೊಂದು ಸೂಕ್ಷ್ಮ ತೋರಿಸಿಯಾರು. ‘ನಾನು ಪಥ್ಯ ಮಾಡಿದೆ.’ ಇಲ್ಲಿ ನಾನು ಕರ್ತೃ, ಪಥ್ಯ ನನ್ನ ಕೈಕೆಳಗಿನ ಕೆಲಸ, ಕೈಬಿಟ್ಟರೆ ಬಿತ್ತು. ‘ನನಗೆ ಪಥ್ಯವಾಯಿತು.’ ಇಲ್ಲಿ ಮಾಡಿದವರು ಯಾರೂ ಇಲ್ಲ. ನನಗೆ ಹಸಿವಾಯಿತು, ನನಗೆ ನಿದ್ದೆ ಬಂತು ಎಂಬಂತೆ ಅದು ತಾನಾಗಿ ಬಂದು ಸೇರಿತು. ರೂಢಿಯೂ ಹಾಗೆಯೇ. ನಾನು ರೂಢಿ ಮಾಡಿಕೊಳ್ಳುತ್ತೇನೆ ಎಂದು ಹೊರಡುತ್ತೇವೆ, ನನಗೆ ರೂಢಿಯಾಗಿದೆ ಎನ್ನುವಲ್ಲಿಗೆ ಮುಟ್ಟುತ್ತೇವೆ. ಹೊಸ ಊಟವಾಗಲಿ, ಹೊಸ ನಡಿಗೆಯಾಗಲಿ, ‘ನಾನು’ವಿನಿಂದ ‘ನನಗೆ’ವರೆಗಿನ ಪ್ರಯಾಣ. ಪ್ರಥಮಾ ವಿಭಕ್ತಿಯಲ್ಲಿ ಹತ್ತಿ ಚತುರ್ಥಿಯಲ್ಲಿ ಇಳಿಯಬೇಕು. ನಾನು ಮೊದಲ ಸ್ಟಾಪಿನಲ್ಲೇ ಇಳಿದುಬಿಟ್ಟಿದ್ದೆ.

ಈ ಪ್ರಯಾಣಕ್ಕೆ ಎಷ್ಟು ದಿನ ಬೇಕು? 21 ದಿನ ಎಂಬ ನಂಬಿಕೆ ಎಲ್ಲೆಡೆ ಇದೆ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರ ತಮ್ಮ ಪುಸ್ತಕದಲ್ಲಿ, ಶಸ್ತ್ರಚಿಕಿತ್ಸೆಯಾದವರು ಕನ್ನಡಿಯಲ್ಲಿನ ಹೊಸ ಮುಖಕ್ಕೆ ಒಗ್ಗಲು ಕನಿಷ್ಠ ಇಪ್ಪತ್ತೊಂದು ದಿನ ಬೇಕು ಎಂದಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ ‘ಕನಿಷ್ಠ’ ಉದುರಿತು, ಇಪ್ಪತ್ತೊಂದು ಉಳಿಯಿತು. ನಮ್ಮ ನಾಟಿ ವೈದ್ಯರದು ಒಂದು ಮಂಡಲದ ಲೆಕ್ಕ, 48 ದಿನ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಡುವಿನ ಲೆಕ್ಕ 66 ದಿನ. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕಾದೀತೆಂಬ ಅಂದಾಜು. ಹತ್ತೊಂಬತ್ತಕ್ಕೇ ಇಳಿದವನು ನಾನು. ಅದಕ್ಕಿಂತ ನನ್ನನ್ನು ಚುಚ್ಚಿದ್ದು ಅದೇ ಅಧ್ಯಯನದ ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಕೂಡಿಬರುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯೇನೂ ಆಗಲಿಲ್ಲ.

ಅಂದರೆ ನನ್ನ ಪಥ್ಯವನ್ನು ಕೆಡಿಸಿದ್ದು ಒಬ್ಬಟ್ಟಲ್ಲ, ‘ಮುರಿಯಿತು’ ಎಂಬ ಕ್ರಿಯಾಪದ. ಮುರಿಯುವುದು ಕೋಲು, ಕಾಲು, ಸಂಬಂಧ. ಮುರಿದದ್ದಕ್ಕೆ ತೇಪೆ ಹಾಕಬಹುದೇ ಹೊರತು ಮೊದಲಿನಂತೆ ಮಾಡಲಾಗದು. ಪಥ್ಯದೊಳಗೆ ಇರುವುದು ಪಥ ತಾನೆ? ದಾರಿ ಯಾವತ್ತಾದರೂ ಮುರಿಯುತ್ತದೆಯೆ? ಅದು ತಪ್ಪುತ್ತದೆ. ತಪ್ಪಿದರೆ ನಾಲ್ಕು ಹೆಜ್ಜೆ ಹಿಂದೆ ಬಂದು, ಎದುರು ಸಿಕ್ಕವರನ್ನು ಕೇಳಿ, ಮತ್ತೆ ಹಿಡಿಯಬಹುದು. ‘ಇವತ್ತು ಪಥ್ಯ ತಪ್ಪಿತು’ ಎಂದುಕೊಂಡಿದ್ದರೆ ಎರಡನೆಯ ಒಬ್ಬಟ್ಟು ಎಲೆಗೆ ಬೀಳುತ್ತಿರಲಿಲ್ಲ. ಬಿದ್ದರೂ ಮರುದಿನದ ಅಲಾರಂ ಪೆಟ್ಟು ತಿನ್ನುತ್ತಿರಲಿಲ್ಲ.

ಎರಡನೆಯ ಸಲ ಅಜ್ಜಿಯ ಲೆಕ್ಕದಲ್ಲಿ ಶುರುಮಾಡಿದೆ. ಓಟ್ಸ್ ಬಿಟ್ಟು, ಮನೆಮಂದಿಯೆಲ್ಲ ಉಣ್ಣುವ ರಾಗಿಮುದ್ದೆ, ಸೊಪ್ಪಿನ ಬಸ್ಸಾರಿಗೇ ಬಂದೆ. ಮುದ್ದೆ ಸಣ್ಣದು, ಪಲ್ಯ ದೊಡ್ಡದು. ನನಗೊಂದು ತಟ್ಟೆ, ಉಳಿದವರಿಗೊಂದು ಎಂಬ ಭೇದ ಹೋಯಿತು. ಕೆರೆಯವರೆಗೆ ಸ್ಕೂಟರಿನಲ್ಲಿ ಹೋಗಿ ನಡೆಯುವ ಶಿಸ್ತನ್ನು ಬಿಟ್ಟು, ಸಂಜೆ ಹಾಲು ತರಕಾರಿಗೆ ನಡೆದೇ ಹೋಗತೊಡಗಿದೆ. ಚೀಲ ಗೂಟದಿಂದ ತೆಗೆದರೆ ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ. ಮಳೆ ಬಂದ ದಿನ ತಪ್ಪುತ್ತದೆ. ಮರುದಿನ ಮತ್ತೆ ಚೀಲ. ಕಾಫಿಗೆ ಎರಡು ಚಮಚ ಇದ್ದದ್ದನ್ನು ಒಂದೂವರೆ ಮಾಡಿ ತಿಂಗಳು ಬಿಟ್ಟೆ, ಆಮೇಲೆ ಒಂದು, ಆಮೇಲೆ ಅರ್ಧ. ದೀಪಾವಳಿಯ ಹೊತ್ತಿಗೆ ಚಮಚವೇ ಬೇಡವಾಯಿತು. ಯಾವ ದಿನ ಬೇಡವಾಯಿತೆಂದು ಕೇಳಿದರೆ ಹೇಳಲಾರೆ.

ಮೊನ್ನೆ ದೊಡ್ಡಪ್ಪನ ಮಗನ ಮನೆಗೆ ಹೋಗಿದ್ದೆ. ಬಹಳ ದಿನಕ್ಕೆ ಬಂದನೆಂಬ ಅಕ್ಕರೆಗೆ ಅತ್ತಿಗೆ ಗಟ್ಟಿ ಹಾಲಿನ ಕಾಫಿ ಮಾಡಿ, ಮೊದಲಿನ ನೆನಪಿನಂತೆ ಎರಡು ಚಮಚ ಸಕ್ಕರೆ ಹಾಕಿ, ಸ್ಟೀಲ್ ಲೋಟದಲ್ಲಿ ನೊರೆ ಬರಿಸಿ ತಂದರು. ಒಂದು ಗುಟುಕು ಕುಡಿದೆ. ಎರಡನೆಯದಕ್ಕೆ ನಾಲಗೆ ಏಳಲಿಲ್ಲ. ಪಾಯಸಕ್ಕೆ ಯಾರೋ ಡಿಕಾಕ್ಷನ್ ಬೆರೆಸಿದಂತಿತ್ತು. ಲೋಟ ಮೆಲ್ಲಗೆ ಕೆಳಗಿಟ್ಟದ್ದನ್ನು ಅತ್ತಿಗೆ ಕಂಡರು. ದನಿ ತಗ್ಗಿತು.

‘ಯಾಕಪ್ಪಾ, ಪಥ್ಯವಾ?’

‘ಇಲ್ಲ ಅತ್ತಿಗೆ, ಪಥ್ಯ ಏನಿಲ್ಲ’ ಎಂದೆ. ‘ಪಥ್ಯವಾಗ್ತಿಲ್ಲ, ಅಷ್ಟೇ.’