ಕೇಳಲೇಬೇಕಾದ ನಾಲ್ಕು ಮಾತು

ಮನಸ್ಸಿನ ನೋವನ್ನು ಹೇಳಿಕೊಳ್ಳಲು ಖಾಸಗಿ ಚಿಕಿತ್ಸಕರ ಬಳಿಗೆ ಹೊರಟವರಿಗೆ ಫೀಜಿನ ಮಾತೆತ್ತಲು ಸಂಕೋಚ. ಈ ಸಂಕೋಚ ಹೊಸದೇನಲ್ಲ. ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್ 1913ರಲ್ಲಿ, ಚಿಕಿತ್ಸೆಯನ್ನು ಆರಂಭಿಸುವ ಬಗೆಯನ್ನು ಕುರಿತೇ ಒಂದು ಪ್ರಬಂಧ ಬರೆದ. ಜನ ಕಾಮದಂತೆ ಹಣವನ್ನೂ ಮುಚ್ಚುಮರೆಯಿಂದ ಕಾಣುತ್ತಾರೆ, ಆದುದರಿಂದ ವೈದ್ಯನೇ ಮೊದಲು ಬಿಚ್ಚುಮನಸ್ಸಿನಿಂದ ಮಾತನಾಡಬೇಕು ಎಂಬುದು ಆತನ ವಾದ.

ಆತನ ಕರಾರು ಬಿಗಿಯಾದುದು. ಗೊತ್ತಾದ ಗಂಟೆಯನ್ನು ರೋಗಿಗೆ ಗುತ್ತಿಗೆ ಕೊಟ್ಟಂತೆ. ಬಾರದಿದ್ದರೂ ಹಣ ತೆರಬೇಕು. ವಾರಕ್ಕೆ ಆರು ದಿನ. ಮೊದಲ ಒಂದೆರಡು ವಾರ ಪರೀಕ್ಷೆಯ ಅವಧಿ. ಆಮೇಲೆ ಅರ್ಧ ವರ್ಷ, ಇಡೀ ವರ್ಷಗಳ ಲೆಕ್ಕ. ನಡುವೆ ಬಿಟ್ಟುಹೋಗುವ ಸ್ವಾತಂತ್ರ್ಯ ಮಾತ್ರ ರೋಗಿಯದೇ.

ಹಾಗಾದರೆ ಬಡವನ ಗತಿ? ಧರ್ಮಾರ್ಥ ಚಿಕಿತ್ಸೆ ಗುಣಕ್ಕೆ ಅಡ್ಡಿಯಾಗುತ್ತದೆಂದು ಬರೆದಿದ್ದ ಆತನೇ 1918ರಲ್ಲಿ ಬುಡಾಪೆಸ್ಟಿನಲ್ಲಿ, ಬಡವರಿಗೂ ಇದು ಉಚಿತವಾಗಿ ದೊರೆಯುವ ಕಾಲ ಬಂದೀತೆಂದ. 1920ರಲ್ಲಿ ಬರ್ಲಿನ್ನಿನಲ್ಲಿ ಅಂಥದೊಂದು ಚಿಕಿತ್ಸಾಲಯ ತೆರೆಯಿತು. ಅಲ್ಲಿ ಕೊಡಬಲ್ಲವರು ಕೊಡಬಲ್ಲಷ್ಟು ಕೊಟ್ಟರು.

ಈ ಚರಿತ್ರೆಯಿಂದ ನಾನು ತಿಳಿದುಕೊಂಡದ್ದಿಷ್ಟು: ಕರಾರಿನ ಅಂಕಿಗಳು ಕಾಲದಿಂದ ಕಾಲಕ್ಕೆ ಬದಲಾಗುತ್ತವೆ, ಎಷ್ಟು ಹಣ, ವಾರಕ್ಕೆಷ್ಟು ದಿನ, ತಪ್ಪಿದ ದಿನಕ್ಕೇನು, ಎಷ್ಟು ಕಾಲ ಎಂಬ ನಾಲ್ಕು ಪ್ರಶ್ನೆಗಳು ಬದಲಾಗಿಲ್ಲ. ಮೊದಲ ದಿನವೇ ಅವನ್ನು ಕೇಳಿಬಿಡುವುದು ಒರಟುತನವಲ್ಲ. ಹಣದ ಮಾತನ್ನೇ ನುಂಗಿಕೊಂಡು ಕುಳಿತವನು ಅಂತರಂಗದ ಮಾತನ್ನು ಹೇಗೆ ತಾನೆ ಬಿಚ್ಚಿಯಾನು?