ಕೊಟ್ಟ ಪರವಾನಗಿ, ಹಿಂತೆಗೆಯುವ ಅಧಿಕಾರ

1972ರ ಫೆಬ್ರವರಿ 26ರ ಬೆಳಿಗ್ಗೆ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಲೋಗನ್ ಜಿಲ್ಲೆಯಲ್ಲಿ, ಕಲ್ಲಿದ್ದಲು ಗಣಿಯ ತ್ಯಾಜ್ಯದಿಂದ ಕಟ್ಟಿದ್ದ ಅಣೆಕಟ್ಟು ಒಡೆಯಿತು. ಸುಮಾರು 50 ಕೋಟಿ ಲೀಟರ್ ಕಪ್ಪು ನೀರು ಬಫಲೋ ಕ್ರೀಕ್ ಎಂಬ ತೊರೆಯ ಕಣಿವೆಗೆ ನುಗ್ಗಿತು. 125 ಮಂದಿ ಸತ್ತರು. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡರು. ಕೇವಲ ನಾಲ್ಕು ದಿನ ಮೊದಲು ಸರಕಾರಿ ಪರಿಶೀಲಕರು ಕಟ್ಟೆ ತೃಪ್ತಿಕರವಾಗಿದೆ ಎಂದಿದ್ದರು. ಗಣಿ ಕಂಪೆನಿಯಾದರೋ ಇದು 'ದೇವರ ಕೃತ್ಯ' ಎಂದು ಕೈ ತೊಳೆದುಕೊಂಡಿತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸತ್ತು, ಅಧ್ಯಕ್ಷ ನಿಕ್ಸನ್‌ರ ವಿರೋಧವನ್ನು ತಳ್ಳಿಹಾಕಿ ಶುದ್ಧ ಜಲ ಕಾಯ್ದೆಯನ್ನು ಜಾರಿಗೆ ತಂದಿತು. ತೊರೆಗೆ ಮಣ್ಣು, ಕಲ್ಲು ಸುರಿಯಲು ಪರವಾನಗಿ ಕೊಡುವುದು ಸೇನೆಯ ಎಂಜಿನಿಯರುಗಳ ವಿಭಾಗ. ಆದರೆ ನೀರಿಗೆ ಸಹಿಸಲಾಗದ ಹಾನಿಯಾಗುತ್ತದೆಂದು 'ಯಾವಾಗ' ಮನಗಂಡರೂ ಆ ಜಾಗವನ್ನು ನಿಷೇಧಿಸುವ ಅಧಿಕಾರ ಪರಿಸರ ಸಂರಕ್ಷಣಾ ಸಂಸ್ಥೆಗಿದೆ. 'ಯಾವಾಗ' ಎಂಬ ಆ ಒಂದು ಪದದ ಸುತ್ತ ಮುಂದೆ ದೊಡ್ಡ ಜಗಳವೇ ನಡೆಯಿತು.

ಅದಕ್ಕೆ ಕಾರಣವಾದದ್ದು ಅದೇ ಲೋಗನ್ ಜಿಲ್ಲೆಯ 'ಸ್ಪ್ರೂಸ್ ನಂಬರ್ 1' ಗಣಿ. ಬೆಟ್ಟದ ತಲೆಯನ್ನೇ ಸಿಡಿಸಿ ಕಲ್ಲಿದ್ದಲು ತೆಗೆದು, ಉಳಿದ ಕಲ್ಲುಮಣ್ಣನ್ನು ಕಣಿವೆಗೆ ತುಂಬುವ ಯೋಜನೆಯಿದು. 2,278 ಎಕರೆಯ ಈ ಗಣಿಗೆ 2007ರಲ್ಲಿ ಪರವಾನಗಿ ಸಿಕ್ಕಿತು. ಸುಮಾರು ಹತ್ತು ಕಿಲೋಮೀಟರ್ ತೊರೆ ಹೂತುಹೋಗುತ್ತದೆ, ಕೆಳಗಿನ ನೀರಿಗೆ ಸೆಲೆನಿಯಂ ಮತ್ತು ಲವಣ ಸೇರುತ್ತದೆ ಎಂದು 2011ರ ಜನವರಿಯಲ್ಲಿ ಸಂಸ್ಥೆ ಯೋಜನೆಯ ಮುಖ್ಯ ಭಾಗವನ್ನು ತಡೆಯಿತು.

ಕೂಡಲೇ ಮಸೂದೆಗಳು ಬಂದವು. ಕೊಟ್ಟ ಪರವಾನಗಿಯನ್ನು ಹಿಂತೆಗೆಯಬಾರದೆಂಬ ಮಸೂದೆಯನ್ನು ಸೆನೆಟ್‌ನಲ್ಲಿ ಮಂಡಿಸಿದವರು ಅಧ್ಯಕ್ಷ ಒಬಾಮರ ಪಕ್ಷದವರೇ ಆದ, ವೆಸ್ಟ್ ವರ್ಜೀನಿಯಾದ ಜೋ ಮಂಚಿನ್. ರಾಜ್ಯ ಸರಕಾರದ ಒಪ್ಪಿಗೆಯಿಲ್ಲದೆ ಸಂಸ್ಥೆ ಅಡ್ಡ ಬರಕೂಡದೆಂಬ ಇನ್ನೊಂದು ಮಸೂದೆ 2011ರ ಜುಲೈಯಲ್ಲಿ ಕೆಳಮನೆಯಲ್ಲಿ 239-184 ಮತಗಳಿಂದ ಗೆದ್ದಿತು. ಎರಡೂ ಕಾಯ್ದೆಯಾಗಲಿಲ್ಲ.

ಇವರ ವಾದವನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ. ವರ್ಷಗಟ್ಟಲೆ ಪರಿಶೀಲಿಸಿ ಕೊಟ್ಟ ಅನುಮತಿಯನ್ನು ಸರಕಾರ ಬೇಕೆಂದಾಗ ಕಿತ್ತುಕೊಂಡರೆ ಬಂಡವಾಳ ಹೂಡುವವರಾರು? ಕಲ್ಲಿದ್ದಲನ್ನೇ ನಂಬಿದ ಕಾರ್ಮಿಕನ ಒಲೆ ಉರಿಯುವುದು ಹೇಗೆ? 2012ರಲ್ಲಿ ಕೆಳ ನ್ಯಾಯಾಲಯ ಕಂಪೆನಿಯ ಪರವಾಗಿಯೇ ತೀರ್ಪು ಕೊಟ್ಟಿತು. ಆದರೆ 2013ರಲ್ಲಿ ಮೇಲ್ಮನವಿ ನ್ಯಾಯಾಲಯ 'ಯಾವಾಗ' ಎಂದರೆ ಪರವಾನಗಿ ಕೊಟ್ಟ ನಂತರವೂ ಹೌದು ಎಂದಿತು. 2016ರಲ್ಲಿ ಸಂಸ್ಥೆಯ ಕ್ರಮವನ್ನು ಎತ್ತಿಹಿಡಿಯಿತು.

ಅನುಮತಿ ಪತ್ರ ಒಂದು ದಿನದ ತಿಳುವಳಿಕೆಯ ದಾಖಲೆ ಮಾತ್ರ. ಬಫಲೋ ಕ್ರೀಕ್‌ನಲ್ಲಿ ಆ ತಿಳುವಳಿಕೆ ನಾಲ್ಕು ದಿನವೂ ಬಾಳಲಿಲ್ಲ. ತಪ್ಪು ಗೊತ್ತಾದ ಮೇಲೂ ತಿದ್ದಕೂಡದೆಂದು ಕಾನೂನೇ ಕೈ ಕಟ್ಟಿದರೆ, ಮುಂದಿನ ದುರಂತವನ್ನು ಮತ್ತೆ ದೇವರ ಮೇಲೆ ಹೊರಿಸಬೇಕಾಗುತ್ತದೆ. ಕಾರ್ಮಿಕನಿಗೆ ಬದಲಿ ದುಡಿಮೆ ಕೊಡುವುದು ಸರಕಾರದ ಹೊಣೆ. ಅದನ್ನು ತೊರೆಯ ಮೇಲೆ ಹೇರಲಾಗದು. ನೆಲ, ಜಲ ನಮ್ಮ ಕೈಯಲ್ಲಿರುವ ಅಮಾನತ್ತು. ಅಮಾನತ್ತನ್ನು ಕಾಯುವವನಿಗೆ 'ಸಾಕು, ನಿಲ್ಲಿಸಿ' ಎನ್ನುವ ಅಧಿಕಾರ ಕೊನೆಯವರೆಗೂ ಇರಬೇಕು.