ಫ್ರೆಡ್ ಹಚಿನ್ಸನ್: ಮುಚ್ಚಿಡದ ಕಾಯಿಲೆ, 1964

ಅಮೆರಿಕದ ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಆದವನು ಆಟಗಾರರಂತೆಯೇ ಸಂಖ್ಯೆಯುಳ್ಳ ಸಮವಸ್ತ್ರ ತೊಟ್ಟು, ಅಂಗಣದ ಅಂಚಿನ ಡಗ್‌ಔಟ್ ಎಂಬ ತಗ್ಗಿನ ಮಾಡದಲ್ಲಿದ್ದುಕೊಂಡು, ಬ್ಯಾಟಿಂಗ್ ಕ್ರಮವನ್ನು ಗೊತ್ತುಮಾಡುವುದರಿಂದ ಹಿಡಿದು ದಣಿದ ಪಿಚರ್, ಅಂದರೆ ಚೆಂಡೆಸೆಯುವವನನ್ನು ಬದಲಿಸುವವರೆಗೆ, ಕ್ರಿಕೆಟ್‌ನಲ್ಲಿ ನಾಯಕನ ಪಾಲಿಗೆ ಬರುವ ಹೊಣೆಯನ್ನೆಲ್ಲ ಹೊರುತ್ತಾನೆ. 162 ಪಂದ್ಯಗಳ ಋತುವಿನಲ್ಲಿ ಊರೂರು ಸುತ್ತುತ್ತ ಮಾಡಬೇಕಾದ ಈ ಕೆಲಸವನ್ನು ಸಿನ್ಸಿನಾಟಿ ರೆಡ್ಸ್ ತಂಡದ ಫ್ರೆಡ್ ಹಚಿನ್ಸನ್ 1964ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇದ್ದೂ ವಹಿಸಿಕೊಂಡರು.

1919ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿ, ಡೆಟ್ರಾಯಿಟ್ ಟೈಗರ್ಸ್ ಪರ ಪಿಚರ್ ಆಗಿ ಆಡಿದ್ದ ಹಚಿನ್ಸನ್, 1961ರಲ್ಲಿ ರೆಡ್ಸ್ ತಂಡಕ್ಕೆ ನ್ಯಾಷನಲ್ ಲೀಗ್ ಪ್ರಶಸ್ತಿಯನ್ನು ಗೆಲ್ಲಿಸಿಕೊಟ್ಟಿದ್ದರು. ಶಸ್ತ್ರವೈದ್ಯರಾಗಿದ್ದ ಅಣ್ಣ ವಿಲಿಯಂ ಅವರ ಸಲಹೆಯಂತೆ ನಡೆದ ತಪಾಸಣೆಯಲ್ಲಿ ರೋಗ ಪತ್ತೆಯಾದಾಗ, 1964ರ ಆರಂಭದಲ್ಲಿ ಅದನ್ನು ಅವರು ಬಹಿರಂಗವಾಗಿ ತಿಳಿಸಿದರು. ಈ ನಡೆಯ ತೂಕವನ್ನು ಅಂದಿನ ವಾತಾವರಣದಲ್ಲಿಟ್ಟೇ ಅಳೆಯಬೇಕು: 1961ರ ಒಂದು ಸಮೀಕ್ಷೆಯಲ್ಲಿ ಷಿಕಾಗೋದ ವೈದ್ಯರ ಪೈಕಿ ಸುಮಾರು 90 ಪ್ರತಿಶತ ಮಂದಿ ಕ್ಯಾನ್ಸರ್ ಇರುವುದನ್ನು ರೋಗಿಗೇ ಹೇಳದಿರಲು ಬಯಸಿದ್ದರು. ಧೂಮಪಾನಕ್ಕೂ ಪುರುಷರ ಶ್ವಾಸಕೋಶದ ಕ್ಯಾನ್ಸರಿಗೂ ನಂಟಿದೆಯೆಂದು ಸಾರಿದ ಅಮೆರಿಕ ಸರ್ಕಾರದ ಪ್ರಸಿದ್ಧ ವರದಿ ಹೊರಬಿದ್ದದ್ದೂ 1964ರ ಜನವರಿ 11ರಂದೇ. ಹಚಿನ್ಸನ್ ಸಹ ವಿಪರೀತ ಸಿಗರೇಟು ಸೇದುತ್ತಿದ್ದವರೇ.

ಜುಲೈ ಕೊನೆಯಲ್ಲಿ ಆಸ್ಪತ್ರೆ ಸೇರಿ, ಆಗಸ್ಟ್‌ನಲ್ಲಿ ಮರಳಿದ ಅವರ 45ನೆಯ ಹುಟ್ಟುಹಬ್ಬವನ್ನು 12ರಂದು ತವರಿನ ಕ್ರಾಸ್ಲಿ ಫೀಲ್ಡ್ ಅಂಗಣದಲ್ಲಿ ಆಚರಿಸಲಾಯಿತು. ಅದರ ಬೆನ್ನಿಗೇ ತಂಡದ ಹೊಣೆ ಸಹಾಯಕ ಡಿಕ್ ಸಿಸ್ಲರ್ ಪಾಲಾಯಿತು. 12 ಪಂದ್ಯಗಳು ಉಳಿದಿದ್ದಾಗ ಲೀಗ್ ಪಟ್ಟಿಯಲ್ಲಿ ಆರೂವರೆ ಪಂದ್ಯಗಳಷ್ಟು ಮುಂದಿದ್ದ ಫಿಲಡೆಲ್ಫಿಯಾ ತಂಡವನ್ನು ಸೆಪ್ಟೆಂಬರ್ 21ರಂದು ರೆಡ್ಸ್ 1-0ಯಿಂದ ಸೋಲಿಸಿತು. ಫ್ರಾಂಕ್ ರಾಬಿನ್ಸನ್ ಬ್ಯಾಟು ಹಿಡಿದು ನಿಂತಿರುವಾಗಲೇ ಚಿಕೊ ರೂಯಿಸ್ ಮೂರನೆಯ ಬೇಸ್‌ನಿಂದ, ಅಂದರೆ ರನ್ ಪೂರೈಸುವ ಮುನ್ನಿನ ಕೊನೆಯ ನಿಲ್ದಾಣದಿಂದ, ನುಗ್ಗಿ ಕದ್ದ ಆ ಒಂದು ರನ್ನಿನಿಂದ ಆರಂಭವಾದ ಫಿಲಡೆಲ್ಫಿಯಾದ ಸೋಲಿನ ಸರಣಿ ಹತ್ತಕ್ಕೇರಿತು. ಆದರೆ ಕೊನೆಯ ದಿನ ಅದೇ ತಂಡಕ್ಕೆ 10-0ಯಿಂದ ಸೋತ ರೆಡ್ಸ್ ಒಂದೇ ಪಂದ್ಯದ ಅಂತರದಲ್ಲಿ ಪ್ರಶಸ್ತಿಯನ್ನು ಸೇಂಟ್ ಲೂಯಿಸ್‌ಗೆ ಬಿಟ್ಟುಕೊಟ್ಟಿತು.

ನವೆಂಬರ್ 12ರಂದು ಫ್ಲಾರಿಡಾದ ಬ್ರೇಡೆಂಟನ್‌ನಲ್ಲಿ ಹಚಿನ್ಸನ್ ತೀರಿಕೊಂಡರು. ಅವರು ಧರಿಸುತ್ತಿದ್ದ 1ನೆಯ ಸಂಖ್ಯೆಯನ್ನು ರೆಡ್ಸ್ ಮತ್ತಾರಿಗೂ ಕೊಡದೆ ತೆಗೆದಿರಿಸಿತು. ಕೈತಪ್ಪಿದ ಪ್ರಶಸ್ತಿಗಿಂತ ಹಿರಿದಾದುದು ಅಣ್ಣ ವಿಲಿಯಂ ಅವರ ಶ್ರಮದಿಂದ 1975ರಲ್ಲಿ ಸಿಯಾಟಲ್‌ನಲ್ಲಿ ತೆರೆದ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರ. ಅಲ್ಲಿ ಅಸ್ಥಿಮಜ್ಜೆಯ ಕಸಿಯನ್ನು ಬೆಳೆಸಿದ ಡಾ. ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.